ಉಗಾರದ ಓರೆ ಹೆಡ್ಡುಗಳು

ಉಗಾರ ಖುರ್ದದಲ್ಲಿ ಕಬ್ಬು ನುರಿಸುವ ಹಂಗಾಮು ಶುರುವಾದರೆ ಗಾಳಿಯೇ ಸಿಹಿಯಾಗುತ್ತದೆ. ಹೊರಗಿನವರು ಮೂಗು ಮುಚ್ಚಿಕೊಳ್ಳುತ್ತಾರೆ, ಊರಿನವರಿಗೆ ಆ ವಾಸನೆಯಿಲ್ಲದೆ ನಿದ್ದೆ ಹತ್ತುವುದಿಲ್ಲ. ಫ್ಯಾಕ್ಟರಿಗೆ ಹೋಗುವ ರಸ್ತೆಯಲ್ಲಿ, ಕಬ್ಬಿನ ಟ್ರಾಕ್ಟರುಗಳು ಸರದಿ ಹಿಡಿದು ನಿಲ್ಲುವ ಕಡೆ, ಅಲ್ಲಾಬಕ್ಷ ನದಾಫನ ಅಂಗಡಿ. ಅಂಗಡಿ ಅನ್ನುವುದು ದೊಡ್ಡ ಮಾತಾಯಿತು. ಮನೆಯ ಪಡಸಾಲೆಗೆ ಒಂದು ಶಟರ್ ಹಚ್ಚಿಸಿದ್ದಾನೆ. ಒಳಗೆ ಒಂದು ಮೇಜು, ಒಂದು ದೀಪ, ಗೋಡೆಯ ತುಂಬ ಸತ್ತ ಟೇಪ್ ರೆಕಾರ್ಡರುಗಳು. ಒಂದು ಕಾಲಕ್ಕೆ ಆ ರಸ್ತೆಯ ಪ್ರತಿಯೊಂದು ಟ್ರಾಕ್ಟರಿನ ಟೇಪೂ ಅವನ ಕೈಯಿಂದ ಹಾದು ಹೋದದ್ದೇ. ಈಗ ಡ್ರೈವರುಗಳು ಮೊಬೈಲಿನಿಂದ ಹಾಡು ಹಚ್ಚುತ್ತಾರೆ, ಅಲ್ಲಾಬಕ್ಷ ಮಿಕ್ಸರ್, ಫ್ಯಾನು, ಇಸ್ತ್ರಿ ರಿಪೇರಿ ಮಾಡಿ ದಿನ ದೂಡುತ್ತಾನೆ. ಮಿಕ್ಸರಿನ ಮೇಲೆ ಅವನಿಗೆ ಸಿಟ್ಟಿಲ್ಲ, ಪ್ರೀತಿಯೂ ಇಲ್ಲ.

ಕನಸುಗಾರ ಮನುಷ್ಯ. ಊಟಕ್ಕೆ ಕೂತರೆ ಅರ್ಧ ಇಲ್ಲಿರುತ್ತಾನೆ, ಅರ್ಧ ಯಾವುದೋ ಟೇಪಿನೊಳಗೆ ಸುತ್ತುತ್ತಿರುತ್ತಾನೆ ಎಂದು ಹೆಂಡತಿ ತಾಜಬಿ ನಗುತ್ತಾಳೆ. ಇತ್ತೀಚೆಗೆ ಎರಡು ಸಲ ಕರೆದರೂ ಓಗೊಡುವುದಿಲ್ಲ. ಅದನ್ನೂ ಅವಳು ಕನಸಿನ ಲೆಕ್ಕಕ್ಕೇ ಹಾಕಿದ್ದಾಳೆ.

ಅಪ್ಪ ಗಾದಿ ತುಂಬುವ ನದಾಫ. ಅರಳೆ ಹಿಂಜುವ ಬಿಲ್ಲಿನ ಠಂಯ್ ಠಂಯ್ ಸಪ್ಪಳವೇ ಆ ಮನೆಯ ಗಡಿಯಾರವಾಗಿತ್ತು. ಅಪ್ಪ ತೀರಿಕೊಂಡಾಗ ಅಲ್ಲಾಬಕ್ಷ ಇನ್ನೂ ಕನ್ನಡ ಶಾಲೆಯ ಹುಡುಗ. ಆಮೇಲೆ ಅವ್ವ ಮಾಸಾಬಿ ಹತ್ತು ಮನೆಯ ಜೋಳ ಬೀಸಿ ಅವನನ್ನು ದೊಡ್ಡವನನ್ನಾಗಿ ಮಾಡಿದಳು. ಊರಿಗೆ ಹಿಟ್ಟಿನ ಗಿರಣಿ ಬಂದ ಮೇಲೂ ಅವಳು ಕಲ್ಲು ಬಿಡಲಿಲ್ಲ. ಗಿರಣಿ ಹಿಟ್ಟು ಸುಟ್ಟ ವಾಸನೆ ಬರುತ್ತದೆ ಎನ್ನುವಳು. ಬೀಸುವಾಗ ಹಾಡುವಳು. ಹಾಡಿಗೆ ಮೊದಲು ಕೊನೆ ಅಂತ ಇರುತ್ತಿರಲಿಲ್ಲ. ಕಣ್ಣಿಗೆ ಬಿದ್ದದ್ದು, ಮನಸ್ಸಿಗೆ ಬಂದದ್ದು, ತವರಿನ ದಾರಿ, ಹೊಳೆಯ ನೀರು, ಎಲ್ಲ ಜೋಳದ ಜೊತೆಗೆ ಕಲ್ಲಿನ ಬಾಯಿಗೆ ಬೀಳುತ್ತಿದ್ದವು.

ಅಲ್ಲಾಬಕ್ಷ ಕೆಲಸ ಕಲಿತು, ಮದುವೆಯಾಗಿ, ಇನ್ನೂ ಹೊಸ ಮದುಮಗನ ಹುರುಪಿನಲ್ಲಿದ್ದ ದಿನಗಳು. ಶೇಡಬಾಳದ ಒಬ್ಬರು ಸೌದಿಯಿಂದ ತಂದ ಟೇಪ್ ರೆಕಾರ್ಡರ್ ಬಂಡಿಯಿಂದ ಬಿದ್ದು ಕೆಟ್ಟು ಅವನ ಕೈಗೆ ಬಂತು. ಅವನು ಸ್ವಂತ ಬುದ್ಧಿಯಿಂದ ರಿಪೇರಿ ಮಾಡಿದ ಮೊದಲ ಮಷಿನ್. ನಡೆಯುತ್ತದೋ ಇಲ್ಲವೋ ನೋಡಲು ಬೆಳಗಿನ ಜಾವ ಅದನ್ನು ಬೀಸುವ ಕಲ್ಲಿನ ಪಕ್ಕ ಇಟ್ಟು ಗುಂಡಿ ಒತ್ತಿದ. ಅವ್ವನ ಹಾಡು ಹಾಗೆ ಟೇಪಿಗೆ ಬಂತು. ಆ ಹಾಡಿನ ಕೊನೆಗೆ ಅವಳು ಅವನನ್ನು ಗದರುವುದೂ ಇದೆ: ಸಾಕು, ಜೋಳ ಮುಗೀತು, ಆ ಡಬ್ಬಿ ಬಂದ್ ಮಾಡು ಎಂದು. ಮುಂದಿನ ಮಳೆಗಾಲಕ್ಕೆ ಮಾಸಾಬಿ ಕಾಮಾಲೆಯಿಂದ ತೀರಿಕೊಂಡಳು. ಮನೆಯಲ್ಲಿ ಅವಳದೊಂದು ಫೋಟೋ ಕೂಡ ಇಲ್ಲ. ಉಳಿದದ್ದು ಆ ಕ್ಯಾಸೆಟ್ ಒಂದೇ.

ರಿಪೇರಿಯವರೆಲ್ಲರ ಹತ್ತಿರ ಒಂದು ಪರೀಕ್ಷೆಯ ಕ್ಯಾಸೆಟ್ ಇರುತ್ತದೆ. ಬಿಚ್ಚಿದ ಮಷಿನನ್ನು ಕೂಡಿಸಿದ ಮೇಲೆ ಅದನ್ನು ಹಾಕಿ, ಟೇಪನ್ನು ಓದುವ ಹೆಡ್ಡಿನ ಪಕ್ಕದ ಸಣ್ಣ ಸ್ಕ್ರೂವನ್ನು ಅತ್ತಿತ್ತ ತಿರುವಿ, ಧ್ವನಿ ಎಲ್ಲಿ ಸ್ವಚ್ಛವಾಗುತ್ತದೋ ಅಲ್ಲಿಗೆ ನಿಲ್ಲಿಸುತ್ತಾರೆ. ಹೆಡ್ಡು ಕೂದಲೆಳೆಯಷ್ಟು ಓರೆಯಾದರೂ ಸಾಕು, ಹಾಡಿದವರು ಕಂಬಳಿ ಹೊದ್ದುಕೊಂಡು ಹಾಡಿದಂತೆ ಕೇಳುತ್ತದೆ. ಮಿರಜಿನ ಮೆಕ್ಯಾನಿಕರು ಇದಕ್ಕೆಂದೇ ಕಂಪನಿಯ ಕ್ಯಾಸೆಟ್ ಇಟ್ಟುಕೊಳ್ಳುತ್ತಿದ್ದರು. ಅಲ್ಲಾಬಕ್ಷ ಇಟ್ಟುಕೊಂಡದ್ದು ಅವ್ವನ ಕ್ಯಾಸೆಟ್. ಜಗತ್ತಿನಲ್ಲಿ ಅವನಿಗೆ ಚೆನ್ನಾಗಿ ಗೊತ್ತಿದ್ದ ಧ್ವನಿ ಅದೊಂದೇ ಆಗಿತ್ತು. ಆದರೆ ಅವನು ಸ್ಕ್ರೂ ನಿಲ್ಲಿಸುತ್ತಿದ್ದದ್ದು ಧ್ವನಿಗಲ್ಲ. ಹಾಡಿನ ನಡುವೆ, ಕಲ್ಲಿನ ಒಂದೊಂದು ಸುತ್ತಿಗೂ, ಗಾಜಿನ ಬಳೆಗಳ ಸಣ್ಣ ಸಪ್ಪಳ ಬರುತ್ತಿತ್ತು. ದಪ್ಪ ಧ್ವನಿ ಹೇಗಾದರೂ ಬಂದೀತು, ಬಳೆ ಬರುವುದಿಲ್ಲ. ಬಳೆ ಕಿಣಿ ಎಂದಿತೋ, ಸ್ಕ್ರೂ ಅಲ್ಲಿಗೇ ಬಿಗಿ.

ಇದರಲ್ಲಿ ಒಂದು ಎಡವಟ್ಟಿತ್ತು. ಬಂಡಿಯಿಂದ ಬಿದ್ದ ಆ ಸೌದಿ ಮಷಿನಿನ ಹೆಡ್ಡೇ ಓರೆಯಾಗಿತ್ತು. ಓರೆ ಹೆಡ್ಡಿನಲ್ಲಿ ಹಿಡಿದ ಧ್ವನಿಗೆ ಸರಿಯಾಗಿ ಕೂಡಿಸಿದರೆ ಉಳಿದ ಹೆಡ್ಡುಗಳೂ ಓರೆಯೇ ಆಗಬೇಕು. ಉಗಾರ, ಜುಗೂಳ, ಶೇಡಬಾಳ, ಕಾಗವಾಡ, ಅವನ ಕೈ ಹತ್ತಿದ ಟೇಪುಗಳೆಲ್ಲ ಎಡಕ್ಕೆ ಕತ್ತು ವಾಲಿಸಿಕೊಂಡು ಹಾಡಿದವು. ಪೇಟೆಯಿಂದ ತಂದ ಹೊಸ ಕ್ಯಾಸೆಟ್ ಹಚ್ಚಿದರೆ ಮಬ್ಬು. ಊರವರು ಏನು ತಿಳಿದರು? ಪೇಟೆಯವರು ನಮಗೆ ಡೂಪ್ಲಿಕೇಟ್ ಮಾಲು ದಾಟಿಸುತ್ತಾರೆ ಅಂತ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ! ಊರಲ್ಲೇ ಹಿಡಿದ ಭಜನೆ, ಮದುವೆಯ ಹಾಡು, ಮೊಹರಮ್ಮಿನ ಪದ ಮಾತ್ರ ತೊಳೆದಿಟ್ಟಷ್ಟು ಸ್ವಚ್ಛ. ನಮ್ಮ ಮಂದಿಯ ಕಂಠವೇ ಬೇರೆ ಎಂದು ಎದೆ ಉಬ್ಬಿಸಿದರು. ಎಷ್ಟೋ ವರ್ಷಗಳ ಮೇಲೆ ಮಿರಜಿನ ಮೆಕ್ಯಾನಿಕ್ ಒಬ್ಬ, ನಿಮ್ಮ ಸೀಮೆಯ ಹೆಡ್ಡುಗಳೆಲ್ಲ ಯಾಕೆ ವಾಲಿವೆ ಎಂದು ಕೇಳಿದಾಗ ಅಲ್ಲಾಬಕ್ಷನಿಗೆ ಗುಟ್ಟು ತಿಳಿಯಿತು. ಅವತ್ತಿನಿಂದ ಕಂಪನಿ ಕ್ಯಾಸೆಟ್ ತಂದು, ಬಂದ ಮಷಿನುಗಳನ್ನು ಒಂದೊಂದಾಗಿ ಬಾಯಿ ಬಿಡದೆ ನೆಟ್ಟಗೆ ಮಾಡಿದ. ಪೇಟೆಯ ಮಾಲು ಸುಧಾರಿಸಿದೆ ಎಂದು ಊರು ಸಮಾಧಾನಪಟ್ಟಿತು.

ಅವ್ವನ ಕ್ಯಾಸೆಟ್ ಆಗ ಒಂದು ಸ್ಟೀಲಿನ ಡಬ್ಬಿ ಸೇರಿತು. ದಿನವೂ ಓಡಿ ಓಡಿ ಅದು ಎರಡು ಕಡೆ ಹರಿದಿತ್ತು, ಅಂಟಿಸಿದ್ದ. ಮತ್ತೆ ಹಚ್ಚಿದರೆ ಹರಿದೀತು, ಪುಡಿಯಾದೀತು ಎಂಬ ಹೆದರಿಕೆ. ಮಗ ಸಾದಿಕ ಮೊಬೈಲಿಗೆ ಹಾಕಿಕೊಡುತ್ತೇನೆ ಎಂದ, ಅಲ್ಲಾಬಕ್ಷ ಬೇಡ ಎಂದ. ಹಾಕಲು ಒಂದು ಸಲವಾದರೂ ಓಡಿಸಬೇಕಲ್ಲ, ಆ ಒಂದು ಸಲವೇ ಕೊನೆಯಾದರೆ? ಓಡಿಸದೆ ಇಟ್ಟಷ್ಟು ದಿನ ಅವ್ವ ಆ ಡಬ್ಬಿಯಲ್ಲಿ ಪೂರ್ತಿಯಾಗಿ ಇರುತ್ತಾಳೆ. ಸಂಜೆ ಅಂಗಡಿ ಮುಚ್ಚುವಾಗ ಡಬ್ಬಿಯನ್ನು ಒಂದು ಸಲ ಮುಟ್ಟಿ ನೋಡುವುದು ಅವನಿಗೆ ರೂಢಿಯಾಯಿತು.

ಅಂಥ ಅಂಗಡಿಗೆ ಈ ಹಂಗಾಮಿನಲ್ಲಿ ಜುಗೂಳದ ಸೌಂದರ್ಯಾ ಬಂದಳು. ಚಿಕ್ಕೋಡಿಯ ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುವ ಹುಡುಗಿ. ಸತ್ತುಹೋದ ಹಳೆಯ ಕಂಪ್ಯೂಟರುಗಳನ್ನು ಬದುಕಿಸಿ ಕಾಲೇಜಿನ ಒಂದು ಕೋಣೆಯಲ್ಲಿ ಸಾಲಾಗಿ ಇಡಬೇಕೆಂಬ ಹುಚ್ಚು ಅವಳಿಗೆ. ಸ್ಕೂಟರಿನ ಮುಂದೆ ಒಂದು ರಟ್ಟಿನ ಪೆಟ್ಟಿಗೆ, ಹಿಂದೆ ಇನ್ನೊಂದು. ಒಂದರಲ್ಲಿ ಟೀವಿಗೆ ಜೋಡಿಸುವ ಪುಟ್ಟ ಕಂಪ್ಯೂಟರ್, ಕೀಲಿಮಣೆಯೇ ಅದರ ಮೈ. ಇನ್ನೊಂದರಲ್ಲಿ ಕಪ್ಪು ಬಣ್ಣದ, ಭಾರದ, ಕ್ಯಾಸೆಟ್ ನುಂಗುವ ಬಾಯಿಯಿದ್ದ ಯಂತ್ರ.

"ಕಾಕಾ, ಇದು ಟೇಪ್ ರೆಕಾರ್ಡರ್ ಅಲ್ರಿ, ಡ್ರೈವ್," ಎಂದಳು. "ಹಿಂದ ದೊಡ್ಡ ಆಫೀಸನ್ಯಾಗ ಕಂಪ್ಯೂಟರಿನ ಲೆಕ್ಕಪತ್ರ ಹಿಡದಿಡಾಕ ಇಂಥಾವ ಇದ್ದುವು. ಇದರ ಕ್ಯಾಸೆಟ್ ನೋಡಾಕ ನಮ್ಮ ಹಾಡಿನ ಕ್ಯಾಸೆಟ್ ಇದ್ದಂಗ. ಆದ್ರ ಬೆನ್ನಮ್ಯಾಲ ಒಂದ ಕಚ್ಚು ಇರತೈತಿ. ಆ ಕಚ್ಚು ಇಲ್ಲಂದ್ರ ಒಳಗ ತಗೊಳ್ಳೂದಿಲ್ಲ."

"ಮತ್ತ ಇದರಾಗ ಏನ ಓಡಸಬೇಕು?"

ಅವಳು ಚೀಲದಿಂದ ಒಂದು ಸಾದಾ ಕ್ಯಾಸೆಟ್ ತೆಗೆದಳು. ಅವಳ ಅಪ್ಪ ಧರೆಪ್ಪನದು. ಜುಗೂಳದಲ್ಲಿ ಕಬ್ಬು, ಅಥಣಿ ಕಡೆ ದ್ರಾಕ್ಷಿ ಬೆಳೆಯುವ ಧರೆಪ್ಪ ಹುಡುಗನಿದ್ದಾಗ, ವಿರುಪಾಕ್ಷಪ್ಪ ಮಾಸ್ತರರೆಂಬ ಒಬ್ಬರು ಉಗಾರದ ಕಿರಾಣಿ ಅಂಗಡಿಯ ಮಾಳಿಗೆಯಲ್ಲಿ ಕಂಪ್ಯೂಟರ್ ಕ್ಲಾಸು ತೆರೆದಿದ್ದರು. ಒಂದೇ ವರ್ಷಕ್ಕೆ ಅದು ಮುಚ್ಚಿತು. ಪೆಟ್ಟಿಗೆಯಲ್ಲಿದ್ದ ಈ ಪುಟ್ಟ ಕಂಪ್ಯೂಟರನ್ನೇ ಧರೆಪ್ಪ ಆಗ ಮನೆಗೆ ಹೊತ್ತು ತಂದದ್ದು. ನಾನೂ ಒಂದು ಪ್ರೋಗ್ರಾಮ್ ಬರೆದಿದ್ದೆ, ಅದನ್ನು ಹಚ್ಚಿದರೆ ಟೀವಿಯ ಮೇಲೆ ಕೃಷ್ಣಾ ಹೊಳೆಯಲ್ಲಿ ದೋಣಿ ಹೋಗುತ್ತದೆ ಎಂದು ಅವನು ಹೇಳಿದರೆ ಮನೆಯಲ್ಲಿ ಯಾರೂ ನಂಬುವುದಿಲ್ಲ. ಅವನ ಹೆಂಡತಿಯಂತೂ ಕೈಯಲ್ಲಿ ಕುಡಗೋಲು ಹಿಡಿದ ಮನುಷ್ಯ ದೋಣಿ ಬಿಟ್ಟನಂತೆ ಎಂದು ಇಂದಿಗೂ ನಗುತ್ತಾಳೆ.

ಆ ಕಾಲದ ಕಂಪ್ಯೂಟರುಗಳು ತಮ್ಮ ಪ್ರೋಗ್ರಾಮನ್ನು ಕೀರಲು ಸಪ್ಪಳ ಮಾಡಿ ಕ್ಯಾಸೆಟ್ಟಿಗೆ ಒಪ್ಪಿಸುತ್ತಿದ್ದವು, ಮತ್ತೆ ಆ ಸಪ್ಪಳ ಕೇಳಿಸಿದರೆ ನೆನಪು ಮಾಡಿಕೊಳ್ಳುತ್ತಿದ್ದವು. ಸಪ್ಪಳದೊಳಗೆ ದೋಣಿ ಇರುತ್ತದೆ ಎಂಬ ಮಾತು ಅಲ್ಲಾಬಕ್ಷನಿಗೆ ಬಹಳ ಹಿಡಿಸಿತು. ಅವನ ಅರ್ಧ ಆಗಲೇ ಹೊಳೆಗೆ ಇಳಿದಾಗಿತ್ತು.

"ಸಾದಾ ಟೇಪ್ಯಾಗ ಹಚ್ಚಿದ್ರ ಆಗಾಂಗಿಲ್ಲೇನು ತಂಗಿ?"

"ಅಪ್ಪನ ಟೇಪ್ ಭಾಳ ಹಳೇದು ಕಾಕಾ. ಸಾದಾ ಮಷಿನ್ ಜಗ್ಗಿ ಓಡಸ್ತೈತಿ, ಹರೀಬಹುದು. ಇದು ಎರಡೂ ಕಡಿ ಮೋಟರ್ ಇಟಗೊಂಡು ಹಗೂರಕ ಓಡಸ್ತೈತಿ. ಕಂಪ್ಯೂಟರ್ ನಿಲ್ಲಂದ್ರ ತಾನ ನಿಲ್ಲತೈತಿ."

ಹಗೂರಕ ಎಂಬ ಮಾತು ಕೇಳಿ ಅಲ್ಲಾಬಕ್ಷ ಒಂದು ಕ್ಷಣ ಸ್ಟೀಲಿನ ಡಬ್ಬಿಯ ಕಡೆ ನೋಡಿದ. ನೋಡಿ, ಸ್ಕ್ರೂಡ್ರೈವರ್ ಕೈಗೆ ತೆಗೆದುಕೊಂಡ.

ಆಮೇಲಿನ ವಾರಗಳು ಅವನಿಗೆ ಹಬ್ಬ. ಮಿಕ್ಸರುಗಳು ಮೂಲೆ ಸೇರಿದವು. ಕಾಲೇಜು ಬಿಟ್ಟ ಕೂಡಲೇ ಸೌಂದರ್ಯಾ ಬರುವಳು, ಇಬ್ಬರೂ ಮೇಜಿನ ಮೇಲೆ ಬಾಗುವರು, ತಾಜಬಿ ಚಹಾ ತಂದಿಟ್ಟು ಆರಿದ ಚಹಾ ಒಯ್ಯುವಳು. ಕಚ್ಚು ಇದೆಯೋ ಇಲ್ಲವೋ ಎಂದು ಮುಟ್ಟಿ ನೋಡುವ ಒಂದು ಸಣ್ಣ ಬೆರಳು ಆ ಯಂತ್ರದೊಳಗಿತ್ತು. ಅಲ್ಲಾಬಕ್ಷ ಅದನ್ನು ಬೆಂಕಿಕಡ್ಡಿ ಸಿಕ್ಕಿಸಿ ಮಲಗಿಸಿದ. ಆಫೀಸಿನ ಯಂತ್ರಕ್ಕೆ ಬಹಳ ಅವಸರ, ಟೇಪನ್ನು ಓಡಿಸಿದರೆ ಇಲಿ ಮರಿ ಕೂಗಿದಂತಾಗುತ್ತಿತ್ತು. ಅದರ ಓಟವನ್ನು ತಗ್ಗಿಸುವ, ಕಂಪ್ಯೂಟರಿನ ಮಾತನ್ನು ಅದಕ್ಕೆ ತಿಳಿಸುವ ಪುಟ್ಟ ಬೋರ್ಡನ್ನು ಸೌಂದರ್ಯಾ ತಾನೇ ಸೋಲ್ಡರ್ ಮಾಡಿ ಕಟ್ಟಿದಳು. ಅವಳ ಕೈ ನಡುಗುವುದಿಲ್ಲ ಎಂಬುದನ್ನು ಅಲ್ಲಾಬಕ್ಷ ಗಮನಿಸಿದ. ಹಾಡಿನ ಕ್ಯಾಸೆಟ್ಟಿನಲ್ಲಿ ಧ್ವನಿ ಕೂರುವ ಗೆರೆಯೇ ಬೇರೆ, ಆಫೀಸಿನ ಹೆಡ್ಡಿಗೆ ಅದು ತಿಳಿಯದು. ಆ ಹೆಡ್ಡನ್ನು ಕಿತ್ತು, ಒಂದು ಟ್ರಾಕ್ಟರಿನ ಟೇಪಿನ ಹೆಡ್ಡನ್ನು ತಂದು ಕೂರಿಸಿದರು. ಸಾಹೇಬರ ಕೋಟಿಗೆ ಒಕ್ಕಲಿಗನ ಅಂಗಿಯ ಗುಂಡಿ ಹಚ್ಚಿದಂತಾಯಿತು, ಆದರೆ ಗುಂಡಿ ಹಿಡಿಯಿತು.

ಹೆಡ್ಡನ್ನು ಕಂಪನಿ ಕ್ಯಾಸೆಟ್ಟಿಗೆ ಸರಿಯಾಗಿ, ನೆಟ್ಟಗೆ ಕೂಡಿಸಿದ. ಧರೆಪ್ಪನ ಕ್ಯಾಸೆಟ್ ಹಾಕಿದರು. ಟೀವಿಯ ಮೇಲೆ ಏನೂ ಬರಲಿಲ್ಲ. ಮತ್ತೆ ಓಡಿಸಿದರು, ಸ್ಕ್ರೂ ತುಸು ಬಲಕ್ಕೆ ತಿರುಗಿಸಿ ಓಡಿಸಿದರು, ಬೋರ್ಡು ಬಿಚ್ಚಿ ಕಟ್ಟಿ ಓಡಿಸಿದರು. ಪ್ರತಿ ಸಲವೂ ಹೆಡ್ಡಿನ ಮೇಲೆ ಕಂದು ಬಣ್ಣದ ಪುಡಿ ಉಳಿಯುತ್ತಿತ್ತು. ಸೌಂದರ್ಯಾ ಅದನ್ನು ಹತ್ತಿಯಿಂದ ಒರೆಸಿ ಬೆಳಕಿಗೆ ಹಿಡಿದಳು. ಟೇಪಿನ ಮೇಲಿನ ಲೇಪ ಉದುರುತ್ತಿತ್ತು. ಆ ಪುಡಿಯೇ ಅವಳ ಅಪ್ಪನ ದೋಣಿ.

"ಇನ್ನೊಂದೆರಡ ಸಲ ಓಡಿಸಿದ್ರ ಮುಗೀತು ಕಾಕಾ," ಎಂದಳು. ಧ್ವನಿ ಸಣ್ಣದಾಗಿತ್ತು.

ಅಲ್ಲಾಬಕ್ಷ ಹತ್ತಿಯನ್ನೇ ನೋಡುತ್ತಿದ್ದ. "ನಿಮ್ಮಪ್ಪ ಇದನ್ನ ಯಾವ ಮಷಿನ್ಯಾಗ ಹಿಡದಿದ್ದ?"

"ನಮ್ಮ ಮನೀ ಟೇಪ್ಯಾಗ. ಅದನ್ನ ನೀವ ರಿಪೇರಿ ಮಾಡಿದ್ರಂತ, ಅಪ್ಪ ಹೇಳತಿದ್ದ."

ಅವನು ಕುರ್ಚಿಗೆ ಒರಗಿ ಕೂತ. ಹೆಡ್ಡು ನೆಟ್ಟಗಿರುವುದೇ ತಪ್ಪಾಗಿತ್ತು. ಧರೆಪ್ಪನ ದೋಣಿಯೂ ಊರಿನ ಎಲ್ಲ ಹಾಡುಗಳ ಹಾಗೆ ಎಡಕ್ಕೆ ವಾಲಿಕೊಂಡೇ ಹೊಳೆಗೆ ಇಳಿದಿತ್ತು. ಸೌಂದರ್ಯಾಳಿಗೆ ಓರೆ ಹೆಡ್ಡಿನ ಕಥೆಯನ್ನೆಲ್ಲ ಹೇಳಿದ. ಅವಳು ಮೊದಲು ನಕ್ಕಳು, ಆಮೇಲೆ ಸರಿಯಾದ ಪ್ರಶ್ನೆ ಕೇಳಿದಳು: ಎಷ್ಟು ಓರೆ? ಅದನ್ನು ಹುಡುಕಲು ದೋಣಿಯ ಟೇಪನ್ನೇ ಓಡಿಸುವಂತಿಲ್ಲ. ಅದೇ ಓರೆಯಲ್ಲಿ ಹಿಡಿದ ಇನ್ನೊಂದು ಟೇಪು ಬೇಕು. ಅದಕ್ಕೆ ಹೆಡ್ಡು ಕೂಡಿಸಿಕೊಂಡು, ಆಮೇಲೆ ದೋಣಿಯನ್ನು ಒಂದೇ ಒಂದು ಸಲ ಬಿಡಬೇಕು.

ಡಬ್ಬಿಯ ವಿಷಯ ಮಾತ್ರ ಅಲ್ಲಾಬಕ್ಷ ಹೇಳಲಿಲ್ಲ. ಊರಲ್ಲಿ ಹಿಡಿದ ಟೇಪುಗಳು ಎಷ್ಟೋ ಇದ್ದಾವು, ಹುಡುಕೋಣ ಎಂದ. ಅವಳ ಸ್ಕೂಟರಿನ ಹಿಂದೆ ಕೂತು ಜುಗೂಳ, ಶೇಡಬಾಳ, ಕಾಗವಾಡ ತಿರುಗಿದ. ಭಜನೆಯ ಜಕ್ಕಪ್ಪನ ಮನೆಗೆ ಹೋದರು, ಮದುವೆ ಪೆಂಡಾಲಿನ ಭಾವುಸಾಹೇಬನ ಮನೆಗೆ ಹೋದರು. ಎಲ್ಲ ಕಡೆಯೂ ಚಹಾ ಸಿಕ್ಕಿತು, ಟೇಪು ಸಿಗಲಿಲ್ಲ. "ಎಲ್ಲಾ ಹೊಲಕ್ಕ ಕಟ್ಟೇವ್ರಿ," ಎಂದ ಜಕ್ಕಪ್ಪ. ಕ್ಯಾಸೆಟ್ ಒಡೆದು ಒಳಗಿನ ಟೇಪನ್ನು ಜೋಳದ ಹೊಲಕ್ಕೆ, ದ್ರಾಕ್ಷಿ ತೋಟಕ್ಕೆ ಅಡ್ಡಡ್ಡ ಬಿಗಿದರೆ ಗಾಳಿಗೆ ಮಿಂಚುತ್ತ ಸುಯ್ಗುಡುತ್ತದೆ, ಹಕ್ಕಿ ಬರುವುದಿಲ್ಲ. ಆ ಸೀಮೆಯ ಹಾಡು, ಮದುವೆ, ಮಾತು ಎಲ್ಲ ಹಾಗೆ ಗಿಳಿ ಗುಬ್ಬಿಗಳಿಗೆ ಹೋಗಿದ್ದವು.

ಬರುವ ದಾರಿ ಹೊಳೆಯ ಪಕ್ಕದ್ದು. ಒಂದು ಜೋಳದ ಹೊಲದಲ್ಲಿ ಇನ್ನೂ ಅಂಥ ಟೇಪು ಉಳಿದಿತ್ತು. ತೆನೆಗಳ ಮೇಲೆ ಒಂದು ಕಂದು ಗೆರೆ ಸಂಜೆಯ ಬಿಸಿಲಿಗೆ ಬಂಗಾರವಾಗಿ ಹೊಯ್ದಾಡುತ್ತಿತ್ತು. ಅದರ ಆಚೆ ಕೃಷ್ಣೆ, ನಿಂತಿದ್ದಾಳೋ ಹರಿಯುತ್ತಿದ್ದಾಳೋ ತಿಳಿಯದ ಹಾಗೆ. ಸೌಂದರ್ಯಾ ಸ್ಕೂಟರ್ ನಿಲ್ಲಿಸಿದಳು.

"ಕೇಳ್ರಿ ಕಾಕಾ, ಎಷ್ಟ ಸಣ್ಣಗ ಸುಂಯ್ ಅನ್ನಾಕತ್ತೈತಿ. ಯಾರೋ ದೂರ ಹಾಡಿದಂಗ ಐತಿ."

ಅಲ್ಲಾಬಕ್ಷ ಕಿವಿಗೊಟ್ಟ. ಅವನಿಗೆ ಏನೂ ಕೇಳಲಿಲ್ಲ. ಗಾಳಿ ನಿಂತಿರಬೇಕು ಎಂದುಕೊಂಡ. ಟೇಪು ಮಾತ್ರ ಕುಣಿಯುತ್ತಲೇ ಇತ್ತು.

ಮನೆಗೆ ಬಂದವನು ಊಟ ಸೇರದೆ ಕೂತ. ಡಬ್ಬಿಯನ್ನು ಮೇಜಿನ ಮೇಲಿಟ್ಟು ನೋಡಿದ, ಒಳಗಿಟ್ಟ, ಮತ್ತೆ ತೆಗೆದ. ಆ ಹುಡುಗಿಗೆ ಇಲ್ಲ ಎನ್ನುವುದು ಸುಲಭವಿತ್ತು. ಅವಳಿಗೆ ಈ ಡಬ್ಬಿಯ ಸುದ್ದಿಯೇ ಗೊತ್ತಿಲ್ಲ. ಆದರೆ ಉದುರುತ್ತಿದ್ದ ಆ ಕಂದು ಪುಡಿ ಅವನ ಕಣ್ಣ ಮುಂದಿನಿಂದ ಹೋಗುತ್ತಿರಲಿಲ್ಲ. ಡಬ್ಬಿಯೊಳಗೂ ಅದೇ ನಡೆದಿರಬಹುದಲ್ಲವೇ? ತಾನು ಕಾಯುತ್ತಿದ್ದೇನೆ ಅಂದುಕೊಂಡಷ್ಟು ದಿನವೂ ಅವ್ವ ಸದ್ದಿಲ್ಲದೆ ಉದುರುತ್ತಿದ್ದರೆ?

ತಾಜಬಿ ತಾಟು ತೆಗೆಯಲು ಬಂದವಳು ಡಬ್ಬಿ ನೋಡಿದಳು.

"ಹಚ್ಚಿದ್ರ ಹರೀತೈತಿ ತಾಜೂ," ಎಂದ.

"ಡಬ್ಬ್ಯಾಗ ಇಟ್ರ ಉಳೀತೈತೇನ್ರಿ?" ಎಂದಳು. "ಅತ್ತಿಯಾರು ಇದ್ದಾಗ ಒಂದ ಮುಂಜಾನಿ ಸುಮ್ಮನ ಕುಂತಾಕಿ ಅಲ್ಲ. ನೀವು ಆಕಿನ್ನ ಡಬ್ಬ್ಯಾಗ ಕುಂದ್ರಿಸೀರಿ. ಹಚ್ಚರಿ. ಹರದ್ರ ಹರೀಲಿ, ಒಮ್ಮೆ ಕೇಳೂಣು."

ಶುಕ್ರವಾರ ನಮಾಜು ಮುಗಿಸಿ ಬಂದು ಅಲ್ಲಾಬಕ್ಷ ಶಟರನ್ನು ಅರ್ಧ ಇಳಿಸಿದ. ಸೌಂದರ್ಯಾ ಜೊತೆಗೆ ಧರೆಪ್ಪನೂ ಬಂದಿದ್ದ, ಬಿಳಿ ಟೊಪ್ಪಿಗೆ, ಕೈಯಲ್ಲಿ ಒಂದು ಬುಟ್ಟಿ ದ್ರಾಕ್ಷಿ. ಡ್ರೈವಿನಿಂದ ಬರುವ ಧ್ವನಿ ಸ್ಪೀಕರಿಗೂ ಹೋಗುವಂತೆ, ತನ್ನ ಲ್ಯಾಪ್‌ಟಾಪಿಗೂ ಸೇರುವಂತೆ ಸೌಂದರ್ಯಾ ತಂತಿ ಕೂಡಿಸಿದಳು. ತಾಜಬಿ ಒಳಮನೆಯ ಬಾಗಿಲಲ್ಲಿ, ಹಿಟ್ಟಿನ ಕೈಯಲ್ಲೇ ನಿಂತಳು. ಅಲ್ಲಾಬಕ್ಷ ಕ್ಯಾಸೆಟ್ಟನ್ನು ಒಳಗೆ ತಳ್ಳಿ ಬಿಸ್ಮಿಲ್ಲಾ ಎಂದ.

ಮೊದಲು ಗರಗರ. ಆಮೇಲೆ ಬಾವಿಯ ತಳದಿಂದ ಬಂದಂತೆ ಒಂದು ಹೆಣ್ಣು ಧ್ವನಿ, ಅದರ ಕೆಳಗೆ ಕಲ್ಲಿನ ಗುಡುಗುಡು. ಅಲ್ಲಾಬಕ್ಷ ಸ್ಕ್ರೂಡ್ರೈವರ್ ಎತ್ತಿಕೊಂಡ. ಸ್ಕ್ರೂವನ್ನು ಎಡಕ್ಕೆ ತಿರುಗಿಸಿದ. ಧ್ವನಿ ಒಂದೊಂದೇ ಮೆಟ್ಟಿಲು ಹತ್ತಿ ಮೇಲೆ ಬಂತು. ಇನ್ನೂ ಎಡಕ್ಕೆ. ಮಾಸಾಬಿ ಪಡಸಾಲೆಯಲ್ಲಿ ಕೂತು ಹಾಡುತ್ತಿದ್ದಳು. ನೀರು ಇಳಿದ ಹೊಳೆಯನ್ನು, ಅಣ್ಣ ಬರಬೇಕಾದ ದಾರಿಯನ್ನು, ಒಲೆಯ ಮೇಲೆ ಮರೆತ ಹಾಲನ್ನು. ಹೊರಗೆ ಟ್ರಾಕ್ಟರಿನವನೊಬ್ಬ ತನ್ನ ಹಾಡು ನಿಲ್ಲಿಸಿದ. ಅಲ್ಲಾಬಕ್ಷ ಬಳೆಗಾಗಿ ಕಾದ. ಬಳೆ ಬರಲಿಲ್ಲ. ಇನ್ನಷ್ಟು ತಿರುಗಿಸಿದ, ಧ್ವನಿ ಮತ್ತೆ ಬಾವಿಗೆ ಇಳಿಯತೊಡಗಿತು.

"ಬಳಿ ಬರವಲ್ವು," ಎಂದ. "ಬಳಿ ಎಲ್ಲಾ ಉದರಿ ಹೋಗ್ಯಾವು."

"ಎಲ್ಲಿ ಹೋಗ್ಯಾವು? ಆಗಳೇ ಬಂದಿದ್ವಲ್ರಿ," ಎಂದಳು ಬಾಗಿಲಿನಿಂದ ತಾಜಬಿ. "ನೀವ ದಾಟಿಸಿ ಹ್ವಾದ್ರಿ. ಹಿಂದಕ್ಕ ಬರ್ರಿ."

ಅವನು ಸೌಂದರ್ಯಾಳನ್ನು ನೋಡಿದ. ಅವಳು ಹೌದೆಂದು ತಲೆಯಾಡಿಸಿದಳು. ಹೊಲದ ಟೇಪು ಅವನ ಕಣ್ಣಿಗೆ ಬಂತು, ಸದ್ದಿಲ್ಲದೆ ಕುಣಿದ ಆ ಬಂಗಾರದ ಗೆರೆ. ಗಾಳಿ ನಿಂತಿರಲಿಲ್ಲ. ನಿಂತದ್ದು ತನ್ನ ಕಿವಿ. ಸಣ್ಣ ಸಪ್ಪಳಗಳು ಯಾವಾಗ ತನ್ನನ್ನು ಬಿಟ್ಟು ಹೋದವೋ ಅವನಿಗೆ ತಿಳಿದಿರಲಿಲ್ಲ, ಯಾರೂ ಹೇಳಿಯೂ ಇರಲಿಲ್ಲ.

"ನೀನ ಹೇಳ ಹಂಗಾರ," ಎಂದು ತಾಜಬಿಗೆ ಹೇಳಿ, ಸ್ಕ್ರೂ ಮೇಲೆ ಕೈಯಿಟ್ಟು ತಲೆ ತಗ್ಗಿಸಿದ.

"ಹಿಂದಕ್ಕ. ಇನ್ನಷ್ಟು. ಸವಕಾಶ ತಿರವ್ರಿ, ಅವಸರ ಮಾಡಬ್ಯಾಡ್ರಿ. ಬಂದ್ವು ನೋಡ್ರಿ... ಹಾಂ. ನಿಲ್ಲಸ್ರಿ."

ನಿಲ್ಲಿಸಿದ. ಹಾಡು ತುಂಬಿಕೊಂಡು ನಡೆಯಿತು. ಅವನಿಗೆ ಧ್ವನಿ ಕೇಳುತ್ತಿತ್ತು, ಕಲ್ಲು ಕೇಳುತ್ತಿತ್ತು. ಉಳಿದದ್ದನ್ನು ಹೆಂಡತಿಯ ಮುಖದಲ್ಲಿ ನೋಡಿದ. ಅವಳು ಬಾಗಿಲ ಚೌಕಟ್ಟಿಗೆ ಒರಗಿ, ತಲೆ ತುಸು ವಾಲಿಸಿ, ಹೊಸದಾಗಿ ಮದುವೆಯಾದವಳ ಹಾಗೆ ನಗುತ್ತಿದ್ದಳು. ಹಾಡು ಮುಗಿಯಿತು, ಕಲ್ಲು ನಿಂತಿತು. ಇನ್ನು ಅವ್ವ ಗದರಬೇಕು. ಅಷ್ಟರಲ್ಲಿ ಟಪ್ಪೆಂದಿತು. ಹಳೆಯ ಅಂಟು ಬಿಟ್ಟು ಟೇಪು ಹರಿದಿತ್ತು. ಎರಡೂ ಗಾಲಿ ತಮ್ಮಷ್ಟಕ್ಕೆ ತಿರುಗಿ ನಿಂತವು.

ಆಮೇಲೆ ತಾಜಬಿ, ಮಾಸಾಬಿಯದೇ ರಾಗದಲ್ಲಿ, ಮೆಲ್ಲಗೆ ಅಂದಳು: "ಸಾಕ, ಜ್ವಾಳ ಮುಗೀತು. ಆ ಡಬ್ಬಿ ಬಂದ್ ಮಾಡಪಾ."

ಅಲ್ಲಾಬಕ್ಷ ಮುಖಕ್ಕೆ ಕೈ ಅಡ್ಡ ಹಿಡಿದು ಅತ್ತ. ದುಃಖಕ್ಕೋ ಹಗುರಾದದ್ದಕ್ಕೋ ಅವನಿಗೇ ಗೊತ್ತಿಲ್ಲ. ಹಾಡೆಲ್ಲ ಒಳಗೆ ಬಂದಿದೆ ಎಂದು ಸೌಂದರ್ಯಾ ಲ್ಯಾಪ್‌ಟಾಪ್ ಮುಟ್ಟಿ ತೋರಿಸಿದಳು.

ಸ್ಕ್ರೂ ಅಲುಗದ ಹಾಗೆ ದೋಣಿಯ ಕ್ಯಾಸೆಟ್ ಹಾಕಿದರು. ಕೀರಲು ಸಪ್ಪಳ ಪಡಸಾಲೆ ತುಂಬಿತು. ಧರೆಪ್ಪ ದೇವರ ಮುಂದೆ ನಿಂತವನ ಹಾಗೆ ಟೊಪ್ಪಿಗೆ ತೆಗೆದ. ಬಹಳ ಹೊತ್ತು ಟೀವಿ ಕಪ್ಪಗೇ ಇತ್ತು. ಆಮೇಲೆ ಕೆಳಗೆ ನೀಲಿ ಮೂಡಿತು, ನೀಲಿಯ ಮೇಲೆ ನಾಲ್ಕೈದು ಚೌಕ ಸೇರಿ ಒಂದು ದೋಣಿಯಾಯಿತು. ಅದು ಎಡದಂಡೆಯಿಂದ ಹೊರಟಿತು. ತಡೆ ತಡೆದು, ನೀರಿನ ಸೆಳೆತಕ್ಕೆ ತುಸು ಕೆಳಗೆ ಜಾರಿ, ಮತ್ತೆ ಮೇಲೆ ಬಂದು, ಬಲದಂಡೆ ಮುಟ್ಟಿತು. ದಂಡೆಯ ಮೇಲಿನ ಚೌಕದ ಮನುಷ್ಯ ಕೈಯೆತ್ತಿದ. ಅಲ್ಲಿಗೆ ನಿಂತಿತು.

"ಹೊಳ್ಳಿ ಬರೂದಿಲ್ಲೇನಪಾ?" ಎಂದಳು ಸೌಂದರ್ಯಾ.

ಧರೆಪ್ಪ ಕಣ್ಣು ಕೀಳದೆ ನೋಡುತ್ತಿದ್ದ. "ಹೊಳ್ಳಿ ಬರೂದು ಬರಿಯೂದ್ರಾಗ ಮಾಸ್ತರರ ಕ್ಲಾಸ ಬಂದಾತು."

"ಈಗ ಬರಿ. ನಾ ಜೋಡಿ ಕುಂದರತೇನಿ."

"ಕಬ್ಬ ಕಡದ ಮ್ಯಾಲ ನೋಡೂಣು," ಎಂದು ಅವನು ಟೊಪ್ಪಿಗೆ ಹಾಕಿಕೊಂಡ. ಹೊರಡುವಾಗ ಮಾತ್ರ, ದೋಣೀದ ಒಂದ ಫೋಟೋ ತಗೊಂಡ ನಿಮ್ಮ ಅವ್ವಗ ತೋರಸ ಎಂದು ಮಗಳಿಗೆ ಎರಡು ಸಲ ಹೇಳಿದ.

ಅವರು ಹೋದ ಮೇಲೆ ಹೊತ್ತು ಮುಳುಗುತ್ತ ಬಂದಿತ್ತು. ಅಲ್ಲಾಬಕ್ಷ ಒಳಗೆ ಹೋಗಿ ಒಲೆಯ ಹತ್ತಿರ ಕೂತ. ತಾಜಬಿ ರೊಟ್ಟಿ ಬಡಿಯುತ್ತಿದ್ದಳು. ಅವಳ ಕೈ ಏರಿ ಇಳಿದಂತೆ ಮಣಿಕಟ್ಟಿನಲ್ಲಿ ಬಳೆಗಳು ಏರಿ ಇಳಿಯುತ್ತಿದ್ದವು. ಅವನಿಗೆ ಹಿಟ್ಟಿನ ಮೇಲೆ ಅಂಗೈ ಬೀಳುವ ಧಪ್ ಧಪ್ ಮಾತ್ರ ಕೇಳಿತು. ಎಷ್ಟು ವರ್ಷದಿಂದ ಹೀಗೆ?

"ಎಲ್ಲಾ ಕೇಳೀತು ತಾಜೂ," ಎಂದ. "ನಮ್ಮವ್ವನ ಬಳಿ ಅಷ್ಟ ನನಗ ಕೇಳ್ಲಿಲ್ಲ."

ತಾಜಬಿಯ ಕೈ ನಿಂತಿತು. "ಅತ್ತಿಯಾರ ಕೈಯಾಗ ಬಳಿ ಎಲ್ಲಿದ್ದುವ್ರಿ?"

ಅವನು ಅವಳ ಕಡೆ ತಿರುಗಿದ.

"ಮಾವಾರು ತೀರಿಕೊಂಡ ದಿನಾನ ಒಡದ ಒಗದಿದ್ರಲ್ಲ. ಸಾಯೂತನಕ ಬರೇ ಕೈ. ಮತ್ತ ಆ ವಯಸ್ಸಿನ್ಯಾಗ ಅಷ್ಟ ದೊಡ್ಡ ಕಲ್ಲ ಒಬ್ಬಾಕಿ ತಿರವತಾಳೇನು? ಎದುರಿಗಿ ಕುಂತ ಗೂಟಕ್ಕ ಕೈ ಕೊಟ್ಟಾಕಿ ಯಾರಿದ್ರು?"

ಅಲ್ಲಾಬಕ್ಷನಿಗೆ ಆ ಬೆಳಗಿನ ಜಾವ ಪೂರ್ತಿಯಾಗಿ ಕಂಡಿತು. ಚಿಮಣಿಯ ಬೆಳಕು, ಅವ್ವನ ಬರಿಗೈ, ಅದರ ಕೆಳಗೆ ಅದೇ ಗೂಟವನ್ನು ಹಿಡಿದ ಇನ್ನೊಂದು ಕೈ, ನಿಪ್ಪಾಣಿಯ ತವರಿನಲ್ಲಿ ಇಡಿಸಿಕೊಂಡು ಬಂದ ಹಸಿರು ಬಳೆಗಳು ಮೊಣಕೈವರೆಗೆ. ಸೆರಗು ಹೊದ್ದ, ಬಾಯಿ ಬಿಡಲು ನಾಚುವ ಹುಡುಗಿ. ಅವಳು ಆ ಟೇಪಿನಲ್ಲಿ ಒಂದು ಮಾತೂ ಆಡಿರಲಿಲ್ಲ. ಉಗಾರದ, ಜುಗೂಳದ, ಕಾಗವಾಡದ ಮನೆ ಮನೆಯ ಟೇಪನ್ನು, ಕಬ್ಬಿನ ಗಾಡಿಗಳ ಟೇಪನ್ನು, ಧರೆಪ್ಪನ ದೋಣಿಯನ್ನು ಕೂಡ, ತಾನು ಕೂಡಿಸಿದ್ದು ಅವಳ ಕೈಗೆ.

"ಇಷ್ಟ ವರ್ಷ ಯಾಕ ಹೇಳ್ಲಿಲ್ಲ?"

"ನಿಮಗ ಗೊತ್ತೈತಿ ಅಂತ ತಿಳಕೊಂಡಿದ್ನಿ," ಎಂದಳು ತಾಜಬಿ, ಕಣ್ಣು ಹಿಟ್ಟಿನ ಮೇಲಿಟ್ಟು. "ಅಂಗಡ್ಯಾಗ ಬಳಿ ಬರೂತನಕ ತಿರವಿ ತಿರವಿ ನಿಲ್ಲಸ್ತಿದ್ರಿ. ನಾ ಒಳಗ ಕುಂತ ಕೇಳತಿದ್ನಿ. ನನ್ನ ಸಲುವಾಗೇ ದಿನಾ ಹಚ್ಚತಾರ ಅಂತ ತಿಳಕೊಂಡಿದ್ನಿ."

ಅಲ್ಲಾಬಕ್ಷನಿಗೆ ನಾಚಿಕೆಯಾಯಿತು, ಎದೆ ತುಂಬಿ ಬಂತು, ಎರಡೂ ಒಟ್ಟಿಗೆ. ಕೂತಿದ್ದ ಮಣೆಯನ್ನು ಒಲೆಯ ಹತ್ತಿರಕ್ಕೆ, ಅವಳ ಕೈಯ ಹತ್ತಿರಕ್ಕೆ ಎಳೆದುಕೊಂಡ.

"ಈಗ ಸಪ್ಪಳ ಆಗಾಕತ್ತೈತೇನು?"

"ಆಗಾಕತ್ತೈತಿ."

"ಬಡಿ ಮತ್ತ. ನೋಡತೇನಿ."

ತಾಜಬಿ ಇನ್ನೊಂದು ಮುದ್ದೆ ಹಿಟ್ಟು ತೆಗೆದುಕೊಂಡು, ರೊಟ್ಟಿಯನ್ನು ಎಂದಿಗಿಂತ ತುಸು ಜೋರಾಗಿಯೇ ಬಡಿಯತೊಡಗಿದಳು.